ಬಿ.ಎಡ್. ಕಲಿತವಳಿಗೆ ನಮ್ಮ ಶಾಲೆಯಲ್ಲೇ ಬೆಲೆಯಿಲ್ಲವೇ?

ಡಿಗ್ರಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಬಗ್ಗೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. ‘‘ಒಂದು ಬಿ.ಎಡ್. ಮಾಡಿಸಿ ಬಿಡುವ. ಮದುವೆ ಕುದುರುವವರೆಗೆ ಸುಮ್ಮನೆ ಕೂರುವುದಕ್ಕಿಂತ ಒಳ್ಳೆಯದಲ್ವಾ? ನಾಳೆ ಬೇಕಾದರೆ ಹತ್ತಿರದ ಶಾಲೆಗೆ ಹೋಗಬಹುದು.’’ ಈ ಮಾತಿನಲ್ಲಿ ಕಾಳಜಿ ಉಂಟು. ಮಗಳು ಎಸೆಸೆಲ್ಸಿ ಮುಗಿಸಿದರೆ ಸಾಕು ಅನ್ನುತ್ತಿದ್ದ ಕಾಲದಿಂದ ನಾವು ಇಲ್ಲಿವರೆಗೆ ಬಂದದ್ದೂ ಸಣ್ಣ ಸಂಗತಿಯಲ್ಲ. ಆದರೆ ಹೀಗೆ ಕಾಲ ಕಳೆಯಲು ಸೇರಿಸುವ ಕೋರ್ಸ್ ಮುಂದೆ ನಮ್ಮ ಮಕ್ಕಳ ಹತ್ತನೇ ತರಗತಿಯ ಗಣಿತ, ವಿಜ್ಞಾನದ ಹಣೆಬರಹ ಬರೆಯುತ್ತದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ.

ಬಿ.ಎಡ್. ಅಂದರೆ ಪ್ರೌಢಶಾಲೆಯ ಶಿಕ್ಷಕರಾಗುವವರಿಗೆ ವಿಶ್ವವಿದ್ಯಾನಿಲಯ ಕೊಡುವ ವೃತ್ತಿ ತರಬೇತಿ. ಮೊದಲು ಒಂದು ವರ್ಷದ್ದಾಗಿದ್ದ ಇದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಗಳ ನಂತರ ಎರಡು ವರ್ಷದ್ದಾಯಿತು. ಹಾಗೆ ಉದ್ದ ಮಾಡಿದ್ದಕ್ಕೆ ಕಾರಣವಿದೆ. ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯೊಳಗಿನ ಇಂಟರ್ನ್‌ಶಿಪ್ ಇರಬೇಕು. ಅದರಲ್ಲಿ 16 ವಾರ ಎರಡನೇ ವರ್ಷದಲ್ಲೇ. ತರಗತಿಗೆ ಶೇ. 80, ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಕಡ್ಡಾಯ.

ಈ 20 ವಾರವೇ ಬಿ.ಎಡ್.ನ ಜೀವ. ಅದಕ್ಕಿಂತ ಮೊದಲು ಕಾಲೇಜಿನಲ್ಲಿ ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿ, ಐದಾರು ನಿಮಿಷದ ಪುಟ್ಟ ಪಾಠ ಮಾಡಿಸುತ್ತಾರೆ. ಇವತ್ತು ಪ್ರಶ್ನೆ ಕೇಳುವ ಕೌಶಲ, ನಾಳೆ ಬೋರ್ಡು ಬಳಸುವ ಕೌಶಲ, ನಾಡಿದ್ದು ಉದಾಹರಣೆ ಕೊಡುವ ಕೌಶಲ, ಹೀಗೆ. ಇದಕ್ಕೆ ಮೈಕ್ರೋ ಟೀಚಿಂಗ್ ಅನ್ನುತ್ತಾರೆ. ಆಮೇಲೆ ನಿಜವಾದ ಶಾಲೆಗೆ ಹೋಗಿ, ಪಾಠ ಯೋಜನೆ ಬರೆದು, ನಿಜವಾದ ಮಕ್ಕಳ ಎದುರು ನಿಲ್ಲಬೇಕು. ತಪ್ಪಿದ್ದನ್ನು ಹಿರಿಯ ಶಿಕ್ಷಕರು ತಿದ್ದಬೇಕು. ಕಾರು ಓಡಿಸಲು ಪುಸ್ತಕ ಓದಿದರೆ ಹೇಗೆ ಸಾಲದೋ ಹಾಗೆಯೇ ಇದು ಕೂಡಾ.

ಹಾಗಿರುವಾಗ ‘‘ಕಾಲೇಜಿಗೆ ಹೋಗಬೇಕೂಂತ ಇಲ್ಲ, ಪರೀಕ್ಷೆಗೆ ಮಾತ್ರ ಬಂದರೆ ಸಾಕು’’ ಅಂತ ಹೇಳಿಕೊಂಡು ದೂರದ ಊರಿನ ಕಾಲೇಜಿನ ಸೀಟು ಕೊಡಿಸುವ ಏಜೆಂಟರ ಮಾತಿಗೆ ನಮ್ಮ ಮನೆಗಳು ಯಾಕೆ ಮರುಳಾಗಬೇಕು? ಹಾಗೆ ಬಂದ ಪ್ರಮಾಣಪತ್ರದಲ್ಲಿ ಅಂಕ ಇರಬಹುದು, ಆದರೆ 40 ಮಕ್ಕಳನ್ನು ಎದುರಿಸುವ ಧೈರ್ಯ ಇರುವುದಿಲ್ಲ. ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಉಂಟಾ ಅಂತ ಮೊದಲು ನೋಡಿ. ಮಂಗಳೂರಿನಲ್ಲೇ ಸರಕಾರಿ ಶಿಕ್ಷಕರ ಶಿಕ್ಷಣ ಕಾಲೇಜು ಇದೆ. ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಾದ ಕಾಲೇಜಿದ್ದರೆ ಅದೇ ನಿಜವಾದ ಸುರಕ್ಷಿತ ದಾರಿ.

ಇನ್ನೊಂದು ವಿಷಯ ಪೋಷಕರಿಗೆ ಪಿಯುಸಿ ಹೊತ್ತಿಗೇ ಗೊತ್ತಿರಬೇಕು. ಡಿಗ್ರಿಯಲ್ಲಿ ಏನು ಓದಿದ್ದಾಳೋ ಅದರ ಮೇಲೆಯೇ ಬಿ.ಎಡ್.ನ ಬೋಧನಾ ವಿಷಯ ನಿಂತಿದೆ. ನಮ್ಮ ಹುಡುಗಿಯರಲ್ಲಿ ಬಿ.ಕಾಂ. ಓದುವವರು ಬಹಳ. ಆದರೆ ರಾಜ್ಯದ ಪ್ರೌಢಶಾಲೆಗಳಲ್ಲಿ ವಾಣಿಜ್ಯ ಎಂಬ ಪ್ರತ್ಯೇಕ ವಿಷಯವೇ ಇಲ್ಲ, ಅದು ಸಮಾಜ ವಿಜ್ಞಾನ ಪುಸ್ತಕದೊಳಗಿನ ಒಂದು ಭಾಗ ಅಷ್ಟೆ. ಶಿಕ್ಷಕಿ ಆಗಬೇಕೂಂತ ಆಸೆ ಇದ್ದರೆ ವಿಜ್ಞಾನ, ಗಣಿತ, ಭಾಷೆ, ಇತಿಹಾಸದ ಕಡೆ ಮೊದಲೇ ನೋಡುವುದು ಒಳ್ಳೆಯದು. ಬಿ.ಎಡ್. ಇದ್ದರೆ ಯಾವ ತರಗತಿಗೂ ಆಗುತ್ತದೆ ಎಂಬ ಲೆಕ್ಕವೂ ಈಗ ನಡೆಯದು. ಬಿ.ಎಡ್. ಪದವಿ ಒಂದರಿಂದ ಐದನೇ ತರಗತಿಯ ಶಿಕ್ಷಕರ ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಅದಕ್ಕೆ ಡಿ.ಎಲ್.ಎಡ್. ಬೇಕು.

ಇಷ್ಟು ಮನೆಯವರಿಗೆ. ಇನ್ನು ಹೇಳಬೇಕಾದ್ದು ನಮ್ಮ ಶಾಲೆಗಳ ಆಡಳಿತ ಮಂಡಳಿಗಳಿಗೆ. ಕರಾವಳಿಯಲ್ಲಿ ಸಮುದಾಯದ ಹಣದಿಂದ, ಗಲ್ಫ್‌ನಲ್ಲಿ ದುಡಿದವರ ಬೆವರಿನಿಂದ ಎದ್ದು ನಿಂತ ಆಂಗ್ಲ ಮಾಧ್ಯಮ ಶಾಲೆಗಳು ಬೇಕಾದಷ್ಟಿವೆ. ಕಟ್ಟಡ ಚೆಂದ, ಬಸ್ಸು ಹೊಸತು, ಸ್ಮಾರ್ಟ್ ಕ್ಲಾಸೂ ಬಂದಿದೆ. ಆದರೆ ಶಿಕ್ಷಕರನ್ನು ನೇಮಿಸುವಾಗ ಎಷ್ಟೋ ಕಡೆ ನಡೆಯುವುದು ಚೌಕಾಸಿ. ಬಿ.ಎಡ್. ಆದವಳು ಹೆಚ್ಚು ಕೇಳುತ್ತಾಳೆ, ಬರೀ ಡಿಗ್ರಿ ಆದವಳು ಕಡಿಮೆಗೆ ಬರುತ್ತಾಳೆ, ಹಾಗಾಗಿ ಅವಳೇ ಸಾಕು. ಕೆಲವು ಕಡೆ ಬೇಸಿಗೆ ರಜೆಯ ತಿಂಗಳುಗಳಿಗೆ ಸಂಬಳವೂ ಇಲ್ಲ. 9 ಮತ್ತು 10ನೇ ತರಗತಿಗೆ ಪದವಿಯ ಜೊತೆ ಬಿ.ಎಡ್. ಬೇಕು ಎಂಬುದು ಎನ್‌ಸಿಟಿಇಯ ನಿಯಮ. ಅದನ್ನು ಕಾಗದದಲ್ಲಿ ತೋರಿಸುವುದು ಬೇರೆ, ತರಗತಿಯಲ್ಲಿ ಪಾಲಿಸುವುದು ಬೇರೆ.

‘‘ಫೀಸು ಕಡಿಮೆ, ಎಲ್ಲಿಂದ ಸಂಬಳ ಕೊಡುವುದು?’’ ಎಂಬ ಆಡಳಿತ ಮಂಡಳಿಯವರ ಪ್ರಶ್ನೆ ಸುಳ್ಳಲ್ಲ. ಬಡ ಮನೆಗಳ ಮಕ್ಕಳನ್ನು ರಿಯಾಯಿತಿಯಲ್ಲಿ ಓದಿಸುವ ಶಾಲೆಗಳಿಗೆ ಇದು ನಿಜವಾದ ಕಷ್ಟ. ಆದರೆ ಹೊಸ ಗೇಟಿಗೆ, ಸಭಾಂಗಣಕ್ಕೆ ದಾನಿಗಳು ಸಿಗುತ್ತಾರೆ. ಗಣಿತ ಟೀಚರ್ ಸಂಬಳಕ್ಕೆ ದಾನಿಗಳನ್ನು ಹುಡುಕಿದವರು ಎಷ್ಟು ಮಂದಿ?

ಬದ್ರ್ ಯುದ್ಧದ ನಂತರದ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಬಿಡುಗಡೆಯ ಹಣ ಕೊಡಲಾಗದ, ಆದರೆ ಓದುಬರಹ ಬಲ್ಲ ಕೈದಿಗಳಿಗೆ, ತಲಾ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಬಿಡುಗಡೆ ಎಂದು ಪ್ರವಾದಿ (ಸ.ಅ.) ನಿಗದಿ ಮಾಡಿದರು. ಕಲಿಸುವ ಕೆಲಸಕ್ಕೆ ಒಬ್ಬ ಮನುಷ್ಯನ ಬಿಡುಗಡೆಯಷ್ಟು ಬೆಲೆ! ವೇದಿಕೆಯಲ್ಲಿ ಈ ಘಟನೆಯನ್ನು ಹೇಳುವ ನಾವು ಸಂಬಳದ ಪಟ್ಟಿ ಬರೆಯುವಾಗಲೂ ನೆನಪಿಡಬೇಡವೇ?

ತರಬೇತಿ ಪಡೆದ ಶಿಕ್ಷಕಿ ನಮ್ಮ ಮಕ್ಕಳಿಗೆ ಬೇರೆಯವರಿಗಿಂತ ಹೆಚ್ಚು ಬೇಕು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಇಷ್ಟು ಭಾಷೆಗಳ ನಡುವೆ ‘ದ್ಯುತಿಸಂಶ್ಲೇಷಣೆ’ ಎಂಬ ಪದ ಕೇಳಿದಾಗ ಮಗು ಬಾಯಿಪಾಠಕ್ಕೆ ಶರಣಾಗುತ್ತದೆ. ಭಾಷೆ ತೊಡಕಾದಾಗ ವಿಜ್ಞಾನ, ಗಣಿತವನ್ನು ಹೇಗೆ ದಾಟಿಸಬೇಕು ಎಂಬುದಕ್ಕೆ ಎನ್‌ಸಿಟಿಇಯ ಬಿ.ಎಡ್. ಪಠ್ಯಕ್ರಮದಲ್ಲಿ ಒಂದು ಪ್ರತ್ಯೇಕ ಭಾಗವೇ ಇದೆ. ಅದನ್ನು ಸರಿಯಾಗಿ ಕಲಿತ, ಬ್ಯಾರಿಯೂ ಬಲ್ಲ ಟೀಚರ್ ಒಬ್ಬರಿದ್ದರೆ ಪೋಷಕರ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಉಮ್ಮ ಕೂಡಾ ಬಾಯಿಬಿಟ್ಟು ಮಗನ ಬಗ್ಗೆ ಕೇಳಿಯಾಳು.

ಹಾಗಾದರೆ ಏನು ಮಾಡಬಹುದು? ಒಂದು, ಈಗಾಗಲೇ ಪಾಠ ಮಾಡುತ್ತಿರುವ ಬಿ.ಎಡ್. ಇಲ್ಲದ ಟೀಚರ್‌ಗಳನ್ನು ಕಳುಹಿಸಿಬಿಡುವುದು ಬೇಡ. ಸರದಿಯಂತೆ ಒಬ್ಬೊಬ್ಬರನ್ನು ಓದಲು ಬಿಡಿ, ಫೀಸಿನಲ್ಲಿ ಪಾಲು ಕೊಡಿ, ಮುಗಿಸಿದ ಮೇಲೆ ಇಂತಿಷ್ಟು ವರ್ಷ ಇಲ್ಲೇ ಕಲಿಸಬೇಕೆಂದು ಮಾತಾಡಿಕೊಳ್ಳಿ. ಎರಡು, ಇಂಟರ್ನ್‌ಶಿಪ್‌ಗೆ ಬರುವ ವಿದ್ಯಾರ್ಥಿಗಳಿಗೆ ಶಾಲೆಯ ಬಾಗಿಲು ತೆರೆಯಿರಿ. ಅವರನ್ನು ರಜೆ ಹಾಕಿದ ಟೀಚರ್ ಬದಲಿಗೆ ಬಿಟ್ಟಿಯಾಗಿ ದುಡಿಸದೆ, ಒಬ್ಬ ಅನುಭವಿ ಶಿಕ್ಷಕರ ಕೈಗೆ ಒಪ್ಪಿಸಿ. ಮೂರು, ಹನ್ನೆರಡು ತಿಂಗಳ ಸಂಬಳ ಬ್ಯಾಂಕ್ ಖಾತೆಗೇ ಹೋಗಲಿ. ನಾಲ್ಕು, ಜಮಾಅತ್ ಮತ್ತು ಟ್ರಸ್ಟ್‌ಗಳ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಪಕ್ಕದಲ್ಲಿ ಬಿ.ಎಡ್. ಕೂಡಾ ಬರಲಿ. ಪಿಯುಸಿ ನಂತರ ನೇರವಾಗಿ ಸೇರುವ ನಾಲ್ಕು ವರ್ಷದ ಸಂಯೋಜಿತ ಶಿಕ್ಷಕ ಕೋರ್ಸೂ ಈಗ ಕೆಲವು ಕಡೆ ಇರುವುದರಿಂದ ಅದಕ್ಕೂ ನೆರವು ಸಿಗಲಿ. ಹುಡುಗರಿಗೂ ಕೊಡಿ. ಕಲಿಸುವುದು ಹೆಂಗಸರ ಕೆಲಸ ಅಂತ ಯಾರೂ ಬರೆದಿಟ್ಟಿಲ್ಲ.

ಮುಂದಿನ ಸಲ ಶಾಲೆಯ ಮಹಾಸಭೆಗೆ ಹೋದಾಗ ಲೆಕ್ಕಪತ್ರ ಓದಿ ಮುಗಿದ ಕೂಡಲೇ ಎದ್ದು ಬರಬೇಡಿ. 9 ಮತ್ತು 10ನೇ ತರಗತಿಗೆ ಪಾಠ ಮಾಡುವವರಲ್ಲಿ ಎಷ್ಟು ಮಂದಿಗೆ ಬಿ.ಎಡ್. ಆಗಿದೆ, ಅವರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ. ಮಗಳನ್ನು ಬಿ.ಎಡ್.ಗೆ ಕಳುಹಿಸಿದ ಬಾಪನಿಗೂ, ಮಗನನ್ನು ಅದೇ ಶಾಲೆಗೆ ಸೇರಿಸಿದ ಉಮ್ಮನಿಗೂ ಇದನ್ನು ಕೇಳುವ ಹಕ್ಕು ಸಮಾನವಾಗಿ ಉಂಟು.