ಚಿತ್ರವಿದೆ, ದನಿಯಿಲ್ಲ

ತಾಂಡೂರಿನ ತಂಗಿ ಜಹೀರಾಬಾದಿನ ನಮ್ಮ ಮನೆಗೆ ತನ್ನ ಮದುವೆಯ ವಿ.ಎಚ್.ಎಸ್. ಕ್ಯಾಸೆಟ್ ತಂದಿದ್ದಳು. ತೀರಿಹೋದ ಅವ್ವ ಆರತಿ ಹಾಡುವುದು ಕಂಡಿತು; ದನಿ ಮಾತ್ರ ಬರಲಿಲ್ಲ. ತಂಗಿಯ ಕಣ್ಣು ತುಂಬಿತು.

ಅಂಗಡಿ ಲೆಕ್ಕ ತಪ್ಪಿದಾಗ ನೋಡುವಂತೆ ಒಂದೊಂದೇ ನೋಡಿದೆವು. ಚಿತ್ರದ ಹಳದಿ ವೈರು, ದನಿಯ ಬಿಳಿ-ಕೆಂಪು ವೈರು ಸರಿಯಿದ್ದವು. ಬೇರೆ ಕ್ಯಾಸೆಟ್ಟಿಗೂ ದನಿಯಿಲ್ಲ. ದೋಷ ಯಂತ್ರದ್ದೇ!

ಚಿತ್ರ ಓದುವ ಹೆಡ್ ತಿರುಗುತ್ತದೆ. ಸಾಧಾರಣ ದನಿ ಟೇಪಿನ ಮೇಲಂಚಿನಲ್ಲಿರುತ್ತದೆ. ಅದನ್ನೋದುವ ಹೆಡ್ ಬೇರೆ, ತಿರುಗದು. ಅದಕ್ಕೆ ಕೊಳೆ ಹತ್ತಿತ್ತು. ನಾರಾಯಣಖೇಡದಲ್ಲಿ ರಿಪೇರಿ ಮಾಡುವ ನಮ್ಮ ಭಾವಮೈದುನ ಪ್ಲಗ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ. ಅವ್ವ ಹಾಡಿದಳು.

ಓದುಗರೆ, ಬೂಜು ಹಿಡಿದ ಕ್ಯಾಸೆಟ್ ಯಂತ್ರಕ್ಕೆ ಹಾಕಬೇಡಿ. ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿತು. ಇರುವ ಯಂತ್ರ ಓಡುವಾಗಲೇ ಹಿರಿಯರ ದನಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿರಿ.