ನಾಯಿ ತರುವ ಮುನ್ನ ಅದರ ಕಸುಬು ಕೇಳಿ

ಫೋನ್ ಕೊಳ್ಳುವಾಗ ಪ್ರೊಸೆಸರ್ ಯಾವುದು, ಬ್ಯಾಟರಿ ಎಷ್ಟು ಎಂದು ಹತ್ತು ಸಲ ಹೋಲಿಸಿ ನೋಡುವವರು ನಾವು. ಅದೇ, ಹತ್ತು-ಹದಿನಾಲ್ಕು ವರ್ಷ ನಮ್ಮ ಜೊತೆಗಿರುವ ನಾಯಿಮರಿಯನ್ನು ರೀಲ್ಸ್ ನೋಡಿ ಆರಿಸಿಬಿಡುತ್ತೇವೆ. ಮೊದಲ ಸಂಬಳ ಬಂದ ತಿಂಗಳೇ ಮರಿ ತಂದು, ಆರು ತಿಂಗಳಿಗೆ 'ಯಾರಾದರೂ ಸಾಕುವವರಿದ್ದೀರಾ?' ಎಂದು ಸ್ಟೇಟಸ್ ಹಾಕುವವರು ನಿಮ್ಮ ಫೋನಿನಲ್ಲೂ ಇರಬಹುದು.

ಜೋಯಿಡಾ ತಾಲ್ಲೂಕಿನ ರಾಮನಗರ ನನ್ನೂರು. ಬೆಳಗಾವಿಯಿಂದ ರಜೆಗೆ ಬಂದಾಗಲೆಲ್ಲ ಪಕ್ಕದ ಮನೆ ಕಾಕಾ ಅವರ ಡ್ಯಾಷ್‌ಹಂಡ್ ಅನ್ನು ವಾಕಿಂಗ್ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಅದು ತೆಂಗಿನ ಬುಡ ಅಗೆಯುತ್ತದೆ, ಬೈಕ್ ಸದ್ದಾದರೆ ಓಣಿಗೆಲ್ಲ ಕೇಳುವಂತೆ ಬೊಗಳುತ್ತದೆ, ಕರೆದರೆ ಬರುವುದಿಲ್ಲ. 'ಭಾಳ ಹಟಮಾರಿ' ಎಂಬುದು ಓಣಿಯವರ ತೀರ್ಪು.

ಆದರೆ ಆ ತಳಿಯ ಹಿನ್ನೆಲೆ ಓದಿದರೆ ಈ ದೂರುಗಳೆಲ್ಲ ಅದರ ಬಯೊಡೇಟಾದಂತೆ ಕಾಣುತ್ತವೆ. ಜರ್ಮನ್ ಭಾಷೆಯಲ್ಲಿ 'ಡಾಕ್ಸ್' ಎಂದರೆ ಬಿಲದಲ್ಲಿ ವಾಸಿಸುವ ಬ್ಯಾಡ್ಜರ್, 'ಹುಂಡ್' ಎಂದರೆ ನಾಯಿ. ಆ ಬಿಲಕ್ಕೆ ನುಗ್ಗಲೆಂದೇ ಗಿಡ್ಡ ಕಾಲು, ಉದ್ದ ಮೈ. ಮಣ್ಣು ತೋಡಲು ಅಗಲ ಪಾದ. ನೆಲದಡಿಯಿಂದ ಮೇಲಿರುವ ಬೇಟೆಗಾರನಿಗೆ ಕೇಳಿಸಲು ಆ ಗಟ್ಟಿ ದನಿ. ಕತ್ತಲ ಬಿಲದೊಳಗೆ ಹೇಳಿಕೊಡುವವರು ಯಾರೂ ಇಲ್ಲ, ಸ್ವಂತ ಬುದ್ಧಿಯೇ ಗತಿ. ನಾವು ಹಟ ಎನ್ನುವುದು ಅದಕ್ಕೆ ಅರ್ಹತೆ! 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಇದೇ ತಳಿಯ 'ವಾಲ್ಡಿ' ಲಾಂಛನವಾಗಿತ್ತು.

ಪ್ರತಿ ವಿನ್ಯಾಸಕ್ಕೂ ಒಂದು ಬೆಲೆ ಇರುತ್ತದೆ ಎಂದು ಎಂಜಿನಿಯರಿಂಗ್ ತರಗತಿಯಲ್ಲಿ ಕೇಳುತ್ತಿರುತ್ತೇವೆ. ಗಿಡ್ಡ ಕಾಲು, ಉದ್ದ ಬೆನ್ನಿನ ಈ ತಳಿಗೆ ಬೆನ್ನುಹುರಿಯ ಡಿಸ್ಕ್ ತೊಂದರೆ ಬೇರೆ ತಳಿಗಳಿಗಿಂತ ಹೆಚ್ಚು. ಮೈ ಬೆಳೆಯಲು ಬಿಟ್ಟರೆ, ಮಂಚ-ಸೋಫಾದಿಂದ ದಿನವೂ ಜಿಗಿಯಲು ಬಿಟ್ಟರೆ ಹಿಂಗಾಲಿನ ಬಲವೇ ಹೋಗಬಹುದು. ಮೂರನೇ ಮಹಡಿಯ ಪಿ.ಜಿ. ರೂಮಿಗೆ ಇದನ್ನು ತರುವವರು ಮೊದಲು ಮೆಟ್ಟಿಲು ಎಣಿಸಲಿ.

ನಮ್ಮದೇ ಮುಧೋಳ ನಾಯಿಯನ್ನು ಪಕ್ಕಕ್ಕಿಟ್ಟು ನೋಡಿ. ಬಯಲಿನಲ್ಲಿ ಬೇಟೆಯನ್ನು ಕಣ್ಣಿನಿಂದಲೇ ಹಿಂಬಾಲಿಸಿ ಓಡಲು ಉದ್ದ ಕಾಲು, ತೆಳ್ಳನೆ ಮೈ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಈ ತಳಿಯನ್ನು ಸೇನೆಯೂ ತರಬೇತಿಗೆ ತೆಗೆದುಕೊಂಡಿದೆ. ಇದನ್ನು ಫ್ಲಾಟ್‌ನಲ್ಲಿ ಕಟ್ಟಿಹಾಕುವುದು, ಅದನ್ನು ಮಹಡಿ ಹತ್ತಿಸುವುದು ಎರಡೂ ಒಂದೇ ಬಗೆಯ ಅನ್ಯಾಯ.

ಇನ್ನೊಂದು ಮಾತು. ರಾಮನಗರದ ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿದೆ. ಬಿಲ ಕಂಡರೆ ನುಗ್ಗುವ ನಾಯಿಯನ್ನು ಇಲ್ಲಿ ಹಗ್ಗವಿಲ್ಲದೆ ಬಿಟ್ಟರೆ ಮುಳ್ಳುಹಂದಿಗೂ ಅಪಾಯ, ನಾಯಿಗೂ ಅಪಾಯ; ಸಂಜೆಯಾದರೆ ಚಿರತೆಯ ಭಯ ಬೇರೆ. ವಾಲ್ಡಿ ಮೆರೆದ 1972ರಲ್ಲೇ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಈ ನಾಯಿಯ ಮೂಲ ಕಸುಬು ನಮ್ಮ ಕಾಡಿನಲ್ಲಿ ಅಪರಾಧ. ರೇಬೀಸ್, ಡಿಸ್ಟೆಂಪರ್ ಲಸಿಕೆ ಹಾಕಿಸುವುದೂ ಮರೆಯಬಾರದು. 2018ರಲ್ಲಿ ಗಿರ್ ಕಾಡಿನ ಸಿಂಹಗಳು ಡಿಸ್ಟೆಂಪರ್ ವೈರಸ್‌ಗೆ ಬಲಿಯಾದವು. ನಾಯಿಗಳಲ್ಲೂ ಕಾಣುವ ರೋಗವಿದು.

ಹಾಗಾದರೆ ಕಸುಬು ಕಳೆದುಕೊಂಡ ನಾಯಿ ಏನು ಮಾಡಬೇಕು? ಬೇರೆ ಕೆಲಸ ಕೊಡಬೇಕು. ಕಾಕಾ ಹಳೆಯ ಗೋಣಿಚೀಲದ ಮಡಿಕೆಗಳಲ್ಲಿ ರೊಟ್ಟಿ ಚೂರು ಬಚ್ಚಿಡುತ್ತಾರೆ. ಅದು ಮೂಸಿ ಹುಡುಕುತ್ತದೆ. ಹಿತ್ತಲ ಮೂಲೆಯಲ್ಲಿ ಅಗೆಯಲೆಂದೇ ಒಂದಿಷ್ಟು ಮರಳು ಸುರಿದಿದ್ದಾರೆ. ಅಂದಿನಿಂದ ತೆಂಗಿನ ಬುಡ ಬಹುಮಟ್ಟಿಗೆ ಉಳಿದಿದೆ.

ಕೆಲಸಕ್ಕಾಗಿ ಅಲೆಯುವ ನಮಗೆ ಗೊತ್ತು, ಕಲಿತದ್ದಕ್ಕೆ ತಕ್ಕ ಕೆಲಸವಿಲ್ಲದೆ ದಿನವಿಡೀ ಕೂರುವುದು ಎಷ್ಟು ಕಷ್ಟ ಎಂದು. ಹಾಗಾಗಿ ಮರಿ ತರುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ತಳಿಯ ಕೆಲಸ ಏನಿತ್ತು? ಅದರ ಬದಲಿಗೆ ನಾನೇನು ಕೊಡಬಲ್ಲೆ? ನನಗೆ ಬೇರೆ ಊರಲ್ಲಿ ನೌಕರಿ ಸಿಕ್ಕರೆ ಇದನ್ನು ನೋಡಿಕೊಳ್ಳುವವರು ಯಾರು? ಉತ್ತರವಿಲ್ಲದಿದ್ದರೆ ಸದ್ಯಕ್ಕೆ ಓಣಿಯ ನಾಟಿ ನಾಯಿಗೆ ದಿನವೂ ಒಂದು ಬಟ್ಟಲು ನೀರಿಡಿ, ಲಸಿಕೆ ಹಾಕಿಸಿ. ನಾಯಿಪ್ರೀತಿ ಅಲ್ಲಿಂದಲೂ ಶುರುವಾಗಬಹುದು.