ಎರಡು ಗಂಟೆಗೂ ಸಂದರ್ಶನ ಬೇಕೇ?

ಸಂಜೆ ಆರೂವರೆಗೆ ಆರತಕ್ಷತೆ. ಛತ್ರ ಇರೋದು ಊರಿನ ಆ ತುದಿಯಲ್ಲಿ. ಅತ್ತೆ ಊರಲ್ಲಿಲ್ಲ, ಎರಡು ವರ್ಷದ ಮಗುವಿಗೆ ನೆಗಡಿ ಬೇರೆ. ಆಗ ನೆನಪಾಗುವುದು ಕೆಳಗಿನ ಮನೆಯ ಕಾಲೇಜು ಹುಡುಗಿ ಅಥವಾ ಕೆಲಸದವಳ ತಂಗಿ. ‘ಎರಡೇ ಗಂಟೆ ತಾನೇ, ನೋಡ್ಕೋತಾಳೆ ಬಿಡು’ ಅಂದುಕೊಂಡು, ಸೀರೆ ಉಡುತ್ತಲೇ ಹಾಲಿನ ಲೋಟ ತೋರಿಸಿ ಹೊರಟುಬಿಡುತ್ತೀರಿ. ಹೌದಲ್ಲವೇ?

ಹೊಸ ಟೈಲರ್ ಕೈಗೆ ನಾವು ಮೊದಲೇ ರೇಷ್ಮೆ ಬಟ್ಟೆ ಕೊಡುವುದಿಲ್ಲ. ಕಾಟನ್ ಪೀಸ್ ಕೊಟ್ಟು ನೋಡುತ್ತೇವೆ. ಮಗುವಿನ ವಿಷಯಕ್ಕೆ ಬಂದರೆ ಮಾತ್ರ ‘ಗೊತ್ತಿದ್ದೋರನ್ನ ಹೇಗಪ್ಪಾ ಪ್ರಶ್ನೆ ಕೇಳೋದು’ ಎಂಬ ಸಂಕೋಚ! ದಿನಾ ಬರುವ ಆಯಾಗೆ ವಾರದಲ್ಲಿ ಮಗುವಿನ ಅಭ್ಯಾಸ ತಿಳಿಯುತ್ತದೆ. ಅಪರೂಪಕ್ಕೆ ಬರುವವರಿಗೆ ಪ್ರತಿ ಸಲವೂ ಮೊದಲ ದಿನವೇ. ಹಾಗಾಗಿ ಇವರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು.

ಸಂದರ್ಶನ ಅಂದರೆ ಆಫೀಸಿನದ್ದಲ್ಲ. ಕಾಫಿ ಕೊಟ್ಟು, ‘ಹೀಗಾದ್ರೆ ಏನ್ಮಾಡ್ತೀಯ?’ ಅಂತ ಕೇಳಿ. ಕಡಲೆಬೀಜ ಗಂಟಲಲ್ಲಿ ಸಿಕ್ಕಿಕೊಂಡರೆ? ‘ನೀರು ಕುಡಿಸ್ತೀನಿ, ಬೆರಳು ಹಾಕಿ ತೆಗೀತೀನಿ’ ಎನ್ನುವವರೇ ಹೆಚ್ಚು. ಎರಡೂ ತಪ್ಪು, ಕಾಣದ ಬೀಜವನ್ನು ತೆಗೆಯಲು ಹೋದರೆ ಅದು ಇನ್ನೂ ಒಳಗೆ ಹೋಗಬಹುದು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಉಸಿರು, ದನಿ ಎರಡೂ ಹೊರಡದಿದ್ದರೆ ಮುಂದಕ್ಕೆ ಬಗ್ಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಗುದ್ದಬೇಕು. ‘ಗೊತ್ತಿಲ್ಲ ಆಂಟಿ’ ಅಂದರೆ ಬೇಜಾರಾಗಬೇಡಿ, ಕಲಿಸಿಕೊಡಬಹುದು. ಆದರೆ ಅಳು ನಿಲ್ಲದಿದ್ದರೆ ಏನು ಮಾಡ್ತೀಯ ಎಂದಾಗ ‘ಒಂದೇಟು ಹಾಕ್ತೀನಿ’ ಎಂಬ ಉತ್ತರ ನಗುನಗುತ್ತಾ ಬಂದರೂ ಸರಿ, ಅಲ್ಲಿಗೇ ಬಿಟ್ಟುಬಿಡಿ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಕೆಲಸದವಳ ಹನ್ನೆರಡು ವರ್ಷದ ಮಗಳನ್ನು ಕೂರಿಸಿ ಹೋಗುವ ಮನೆಗಳಿವೆ. 14 ತುಂಬದವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದಕ್ಕೆ 2006ರಿಂದಲೇ ನಿಷೇಧವಿದೆ. ಕಾನೂನು ಹಾಗಿರಲಿ, ಅವಳೂ ಮಗುವೇ ಅಲ್ವಾ?

ಮಾತು ಮುಗಿದ ಮೇಲೆ ಪ್ರಯೋಗ. ನೀವು ಮನೆಯಲ್ಲೇ ಇರುವ ಒಂದು ಮಧ್ಯಾಹ್ನ ಎರಡು ಗಂಟೆ ಕರೆಸಿ. ದುಡ್ಡು ಕೊಡಿ, ಪುಕ್ಕಟೆ ದುಡಿಸಬೇಡಿ. ನಮ್ಮ ಮನೆಗೆ ಹೀಗೆ ಬಂದ ಒಬ್ಬಾಕೆ ನಾನು ಹಾಲ್‌ನಲ್ಲಿದ್ದಷ್ಟು ಹೊತ್ತೂ ಕಂದಾ, ಚಿನ್ನಾ ಎನ್ನುತ್ತಿದ್ದಳು. ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕುವಷ್ಟರಲ್ಲಿ ಅವಳ ಕಣ್ಣು ಮೊಬೈಲ್‌ನಲ್ಲಿ, ಮಗು ಬಚ್ಚಲ ಬಾಗಿಲಲ್ಲಿ! ಪ್ರಶ್ನೆಗಳಿಗೆಲ್ಲ ಸೊಗಸಾಗಿ ಉತ್ತರಿಸಿದ್ದವಳೇ ಅವಳು. ಮಗು ಅತ್ತಿತೆಂದು ಮಾತ್ರ ಯಾರನ್ನೂ ಬೇಡವೆನ್ನಬೇಡಿ. ಎಂಟು ತಿಂಗಳಿನಿಂದ ಎರಡು ವರ್ಷದವರೆಗೆ ಹೊಸಬರನ್ನು ಕಂಡು ಅಳುವುದು ಸಹಜ. ಅಳುವ ಮಗುವನ್ನು ಆಕೆ ಹೇಗೆ ಎತ್ತಿಕೊಳ್ಳುತ್ತಾಳೆ, ಅದನ್ನು ನೋಡಿ. ಎರಡನೇ ಸಲ ತರಕಾರಿ ಅಂಗಡಿಗೆಂದು ಅರ್ಧ ಗಂಟೆ ಹೊರಗೆ ಹೋಗಿ, ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ ಬನ್ನಿ.

ಇಷ್ಟಾದರೂ ಆ ದಿನ ನಿಮ್ಮ ಫೋನ್ ನಂಬರ್, ಡಾಕ್ಟರ್ ನಂಬರ್, 112 ಮೂರನ್ನೂ ಫ್ರಿಜ್ ಮೇಲೆ ಅಂಟಿಸಿ. ಕೇಳದೆ ಯಾವ ಔಷಧಿಯನ್ನೂ ಕೊಡಬಾರದು ಅಂತ ಹೇಳಿ. ಬಚ್ಚಲಿನ ಬಕೆಟ್ ಖಾಲಿ ಮಾಡಿ ಬೋರಲು ಹಾಕಿ. ಆಮೇಲೆ ಮಗುವಿಗೆ ಟಾಟಾ ಹೇಳಿಯೇ ಹೊರಡಿ, ಹಿಂಬಾಗಿಲಿನಿಂದ ಕದ್ದು ಹೋಗಬೇಡಿ.